ಗೋವಿಂದಮ್ಮನವರಿಗೆ ಕೆಲಸವಿತ್ತು

ಸಂಶೋಧನಾ ಸಂಸ್ಥೆಯ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ಪೂರ್ವ ಬೆಂಗಳೂರಿನ ಬಡವರ ದುಡಿಮೆ ಮತ್ತು ನೆಮ್ಮದಿಯನ್ನು ಕುರಿತ ನಿಮ್ಮ ವರದಿಯ ನಲವತ್ತೊಂದನೆಯ ಪುಟದಲ್ಲಿ ಒಂದು ಸುಳ್ಳು ಅಚ್ಚಾಗಿದೆ. ಮರ್ಫಿ ಟೌನ್‌ನ ಮೋರಿ ಪಕ್ಕದ ಸಾಲಿನ ಬಹುಪಾಲು ಹೆಂಗಸರು ಸಂಪಾದನೆಯ ಯಾವ ಕೆಲಸವನ್ನೂ ಮಾಡುವುದಿಲ್ಲ, ಆದ್ದರಿಂದ ಆ ಮನೆಗಳನ್ನು ಊರಾಚೆಗೆ ಸ್ಥಳಾಂತರಿಸಿದರೆ ಜೀವನೋಪಾಯಕ್ಕೆ ಗಣನೀಯ ಧಕ್ಕೆಯಾಗದು ಎಂದು ಅಲ್ಲಿ ಹೇಳಿದ್ದೀರಿ. ನೀವು ಅದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದ್ದೀರಿ. ಅದಕ್ಕೆ ಮೊದಲು ಪೆನ್ಸಿಲಿನಲ್ಲಿ ಬರೆದುಕೊಂಡವಳು ನಾನು. ಹಾಗಾಗಿ ಈ ದೂರಿನಲ್ಲಿ ಅರ್ಧ ನನ್ನ ಮೇಲೆಯೇ ಇದೆ. ಉಳಿದರ್ಧವನ್ನು ತಾವು ದಯವಿಟ್ಟು ಸ್ವೀಕರಿಸಬೇಕು.

೨೦೦೨ರ ಏಪ್ರಿಲ್‌ನಲ್ಲಿ ನಾನು ನಿಮ್ಮ ಸಂಸ್ಥೆಯ ಸಮೀಕ್ಷೆಗೆ ಸೇರಿದೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೆ, ಮನೆ ಪಕ್ಕದ ಜೋಗುಪಾಳ್ಯದಲ್ಲೇ ಇತ್ತು, ಕನ್ನಡದ ಜೊತೆ ತಮಿಳೂ ಬರುತ್ತಿತ್ತು. ಹದಿನಾಲ್ಕು ಪುಟದ ಫಾರ್ಮು ಕೈಗೆ ಕೊಟ್ಟು ಕಳಿಸಿದಿರಿ. ಎರಡನೆಯ ದಿನ ಗೋವಿಂದಮ್ಮನವರ ಮನೆಗೆ ಹೋದೆ. ನಲವತ್ತೈದರ ಆಸುಪಾಸಿನ ಹೆಂಗಸು. ಹೊಸ್ತಿಲ ಮೇಲೆ ಬೆಳಕಿಗೆ ಮುಖಮಾಡಿ ಕೂತಿದ್ದರು, ಮಡಿಲಲ್ಲಿ ಕೆಂಪು ರೇಷ್ಮೆಯ ರವಿಕೆ, ತುಟಿಗಳ ನಡುವೆ ನಾಲ್ಕೈದು ಹುಕ್ಕು. ಗಂಡ ಚಿಕ್ಕಮುನಿಯಪ್ಪ ಒಳಗೆ ಮಂಚದ ಮೇಲಿದ್ದರು. ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವರು, ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು.

‘ನೀವು ಏನು ಕೆಲಸ ಮಾಡುತ್ತೀರಿ?’ ಎಂದು ಫಾರ್ಮಿನಲ್ಲಿದ್ದ ಹಾಗೇ ಕೇಳಿದೆ. ಉತ್ತರ ಮಂಚದಿಂದ ಬಂತು.

‘ಅವ್ಳೇನ್ ಕೆಲ್ಸ ಮಾಡ್ತಾಳೆ ಮೇಡಂ, ಮನೇಲೇ ಇರ್ತಾಳೆ.’

ಗೋವಿಂದಮ್ಮ ಹುಕ್ಕುಗಳನ್ನು ಅಂಗೈಗೆ ತೆಗೆದುಕೊಂಡು ನಕ್ಕರು. ‘ಹೂಂ ಮಾ, ಸುಮ್ನೆ ಮನೇಲೇ.’

‘ಮತ್ತೆ ಈ ಬ್ಲೌಸು?’

‘ಇದಾ? ಇದು ಶಿವಾಜಿನಗರದ ಅಕ್ತರ್ ಭಾಯ್ ಅಂಗ್ಡೀದು. ಹುಕ್ ಹಾಕಿ, ಹೆಮ್ಮಿಂಗ್ ಮಾಡಿ ಕೊಡ್ತೀನಿ. ಹತ್ತೊಂಬತ್ ವರ್ಷ ಆಯ್ತು. ಕೆಲ್ಸ ಅಂತೇನಲ್ಲ ಮಾ.’

ನಿಮ್ಮ ಫಾರ್ಮಿನಲ್ಲಿ ಸಂಬಳದವರಿಗೆ, ದಿನಗೂಲಿಯವರಿಗೆ, ಅಂಗಡಿ ಇಟ್ಟವರಿಗೆ, ಓದುವವರಿಗೆ ಒಂದೊಂದು ಸಂಖ್ಯೆಯಿತ್ತು. ಕೊನೆಯ ಸಂಖ್ಯೆ ಒಂಬತ್ತು, ಅಂದರೆ ಕೆಲಸವಿಲ್ಲದವರು. ಹೊಸ್ತಿಲ ಮೇಲೆ ಕೂತು ಹೊಲಿಯುವವರಿಗೆ ಯಾವ ಸಂಖ್ಯೆಯೂ ಇರಲಿಲ್ಲ. ರಸ್ತೆಯ ತುದಿಯಲ್ಲಿ ಚಹಾ ಕುಡಿಯುತ್ತಿದ್ದ ನಿಮ್ಮ ಮೇಲ್ವಿಚಾರಕ ಪ್ರೇಮ್‌ಕುಮಾರ್ ಅವರನ್ನು ಹೋಗಿ ಕೇಳಿದೆ.

‘ನೋಡ್ರೀ ಹಂಸ, ಆ ಯಮ್ಮ ಏನ್ ಹೇಳ್ತೋ ಅದನ್ನೇ ಬರೀರಿ. ನಾವ್ ತಿದ್ದೋಕೆ ಹೋದ್ರೆ ಅದು ರಿಸರ್ಚ್ ಆಗಲ್ಲ. ಒಂಬತ್ತು ಹಾಕಿ, ಮುಂದಿನ್ ಮನೆಗ್ ಹೋಗಿ.’

ಹಾಕಿದೆ. ಆ ಸಾಲಿನಲ್ಲಿ ಆಮೇಲೆ ಎಷ್ಟು ಒಂಬತ್ತು ಹಾಕಿದೆನೋ! ಒಂದೊಂದು ಸಾರಿಯೂ ಕೈ ಹಗುರಾಗುತ್ತಾ ಹೋಯಿತು.

ಕೊನೆಯ ಪ್ರಶ್ನೆ ನೆನಪಿದೆಯೇ? ‘ತಮ್ಮ ಬದುಕಿನ ಒಟ್ಟಾರೆ ಗುಣಮಟ್ಟದ ಕುರಿತು ತಮಗಿರುವ ತೃಪ್ತಿಯನ್ನು ಒಂದರಿಂದ ಐದರವರೆಗೆ ಸೂಚಿಸಿ.’ ಅಷ್ಟು ಹೊತ್ತಿಗೆ ಗೋವಿಂದಮ್ಮ ನನಗೆ ಕಾಫಿ ತಂದುಕೊಟ್ಟಿದ್ದರು. ‘ಚೆನ್ನಾಗೇ ಇದೀವಿ ಮಾ, ಕುಡೀರಿ, ಆರೋಗತ್ತೆ’ ಎಂದರು. ನಾನು ನಾಲ್ಕು ಎಂದು ಬರೆದುಕೊಂಡೆ. ಮನೆಗೆ ಬಂದ ಅಪರಿಚಿತ ಹುಡುಗಿಯ ಮುಂದೆ ತನ್ನ ಸಂಕಟ ಹರಡಬಾರದೆಂಬ ಒಬ್ಬ ಹೆಂಗಸಿನ ಮರ್ಯಾದೆ ನಿಮ್ಮ ವರದಿಯಲ್ಲಿ ‘ಉನ್ನತ ಮಟ್ಟದ ಸಂತೃಪ್ತಿ’ಯಾಗಿ ಹೊರಬಂದಿದೆ. ನಾಳೆ ಬೆಳಗ್ಗೆ ನಾನು ನಿಮ್ಮ ಗೇಟಿನ ಮುಂದೆ ನಿಂತು ಇದೇ ಪ್ರಶ್ನೆ ಕೇಳಿದರೆ ತಾವು ಎಷ್ಟು ಅಂಕ ಕೊಡುವಿರಿ? ಅಥವಾ ಕಾವಲುಗಾರನನ್ನು ಕರೆಯುವಿರಾ?

ಮಾರನೆಯ ವರ್ಷ ವರದಿ ಬಂತು, ಮೆಚ್ಚುಗೆ ಪಡೆಯಿತು. ೨೦೦೪ರ ಬೇಸಿಗೆಯಲ್ಲಿ ಆ ಸಾಲಿನ ನಲವತ್ತನಾಲ್ಕು ಕುಟುಂಬಗಳನ್ನು ಲಾರಿಗಳಲ್ಲಿ ಕೆ.ಆರ್. ಪುರದಿಂದಲೂ ಆಚೆ ಕಟ್ಟಿದ ನಾಲ್ಕು ಮಹಡಿಯ ಕಟ್ಟಡಗಳಿಗೆ ಸಾಗಿಸಿದರು. ನಾನು ಆಗ ಬೇರೆ ಕೆಲಸದಲ್ಲಿದ್ದೆ. ಸರ್ಕಾರದ ಅಧಿಕಾರಿಯೊಬ್ಬರು ನಿಮ್ಮ ಆ ವಾಕ್ಯವನ್ನೇ ಉದ್ಧರಿಸಿ ಸ್ಥಳಾಂತರವನ್ನು ಸಮರ್ಥಿಸಿಕೊಂಡದ್ದನ್ನು ಪತ್ರಿಕೆಯಲ್ಲಿ ಓದಿದೆ. ವರದಿ ಹಿಡಿದುಕೊಂಡು, ಕೇಳಿಕೊಂಡು ಕೇಳಿಕೊಂಡು, ಒಂದು ಭಾನುವಾರ ಅಲ್ಲಿಗೆ ಹೋದೆ.

ಗೋವಿಂದಮ್ಮನವರ ಮನೆ ಮೂರನೆಯ ಮಹಡಿಯಲ್ಲಿತ್ತು. ಸೊಂಟ ಮುರಿದ ಚಿಕ್ಕಮುನಿಯಪ್ಪನವರನ್ನು ನಾಲ್ಕು ಜನ ಹೊತ್ತು ಹತ್ತಿಸಿದ್ದರಂತೆ. ಅಂದಿನಿಂದ ಅವರು ಕೆಳಗಿಳಿದಿರಲಿಲ್ಲ. ಅಕ್ತರ್ ಭಾಯ್ ಒಂದು ತಿಂಗಳು ಕಾದರು. ಆದರೆ ಮದುವೆಯ ರವಿಕೆ ಎರಡು ಬಸ್ಸು ಬದಲಿಸಿ ಬರುವವರಿಗಾಗಿ ಕಾಯುವುದಿಲ್ಲ. ರವಿಕೆಗಳ ಗಂಟು ಶಿವಾಜಿನಗರದಲ್ಲೇ ಇದ್ದ ಬೇರೆಯವರ ಕೈಗೆ ಹೋಯಿತು. ಮಗಳು ಮೋನಿಷಾ ದ್ವಿತೀಯ ಪಿಯುಸಿ ಅರ್ಧಕ್ಕೆ ಬಿಟ್ಟು ಮಾರತ್ತಹಳ್ಳಿಯ ಬಟ್ಟೆ ಅಂಗಡಿಯಲ್ಲಿ ನಿಂತಿದ್ದಳು. ಆ ಹುಡುಗಿಯೇ ನನ್ನ ಕೈಯಿಂದ ವರದಿ ತೆಗೆದುಕೊಂಡು ನಲವತ್ತೊಂದನೆಯ ಪುಟವನ್ನು ತಾಯಿಗೆ ಕನ್ನಡದಲ್ಲಿ ಹೇಳಿದಳು.

ಗೋವಿಂದಮ್ಮ ನನ್ನನ್ನೇ ನೋಡುತ್ತಾ ಕೇಳಿದರು: ‘ಅದ್ ನಾನೇ ಹೇಳಿದ್ದಲ್ವಾ ಮಾ? ಸುಮ್ನೆ ಮನೇಲಿರ್ತೀನಿ ಅಂತ. ನನ್ ಬಾಯಿಂದ್ಲೇನಾ ಎಲ್ರ ಮನೆ ಹೋಗಿದ್ದು?’

ಮೋನಿಷಾ ಸಿಟ್ಟಿನಿಂದ ನನ್ನತ್ತ ತಿರುಗಿದಳು. ‘ಅಮ್ಮ ಹೇಳಿದ್ದನ್ನ ಬರ್ಕೊಂಡ್ರಿ, ಸರಿ. ಕಣ್ಣಲ್ಲಿ ನೋಡಿದ್ರಲ್ಲ ಮೇಡಂ, ಅದನ್ನ ಯಾಕ್ ಬರೀಲಿಲ್ಲ?’

ಮಾನ್ಯರೇ, ನಿಮ್ಮ ಸಂಸ್ಥೆಯ ಎಷ್ಟೋ ವಿಚಾರಸಂಕಿರಣಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೇನೆ. ಇಷ್ಟು ನೇರವಾದ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲ.

ಅದರ ಮುಂದಿನ ವಾರ ಗೋವಿಂದಮ್ಮನವರೂ ನಾನೂ ಅಕ್ತರ್ ಭಾಯ್ ಬಳಿಗೆ ಹೋದೆವು. ಅವರು ವಿಷಯ ಕೇಳಿ ಟೇಪನ್ನು ಕುತ್ತಿಗೆಯಿಂದ ತೆಗೆದಿಟ್ಟರು. ‘ಈ ಅಕ್ಕಂಗೆ ಕೆಲ್ಸ ಇಲ್ಲ ಅಂತ ಯಾರ್ರೀ ಬರ್ದಿದ್ದು? ಅವ್ರ್ ಮನೆ ಹೆಂಗಸ್ರ ಬ್ಲೌಸಿಗೂ ಈ ಅಕ್ಕಾನೇ ಹುಕ್ ಹಾಕಿರ್ತಾರೆ!’ ಎಂದವರೇ, ಗೋವಿಂದಮ್ಮ ಇಪ್ಪತ್ತೊಂದು ವರ್ಷ ತಮ್ಮ ಅಂಗಡಿಗೆ ಕೆಲಸ ಮಾಡಿದ್ದಾರೆಂದು ಕಾಗದ ಬರೆದು ಸಹಿ ಹಾಕಿಕೊಟ್ಟರು. ಅದನ್ನು ಹಿಡಿದು ನಿಮ್ಮಲ್ಲಿಗೆ ಬಂದೆವು. ಗೋವಿಂದಮ್ಮನವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ನನ್ನನ್ನು ಒಳಗೆ ಕರೆದು, ಒಂದು ಬಿಡಿ ಪ್ರಕರಣದಿಂದ ಅಧ್ಯಯನದ ಫಲಿತಾಂಶ ಬದಲಾಗುವುದಿಲ್ಲ ಎಂದು ತಾವು ಸಾವಧಾನವಾಗಿ ವಿವರಿಸಿದಿರಿ. ಬಿಡಿ ಪ್ರಕರಣ ಹೊರಗೆ ಒಂದೂವರೆ ಗಂಟೆ ಕಾದಿತ್ತು. ಬಾಗಿಲು ತೆರೆದು ಒಮ್ಮೆ ನೋಡುವ ಕುತೂಹಲವೂ ಸಮಾಜವಿಜ್ಞಾನಿಯಾದ ತಮಗೆ ಹುಟ್ಟಲಿಲ್ಲವೇ?

ಸರಿ, ಒಂದು ಸಾಲದೆಂದಿರಿ. ಮೋನಿಷಾ ಮತ್ತು ನಾನು ಐದು ಭಾನುವಾರ ಆ ಕಟ್ಟಡಗಳ ಮೆಟ್ಟಿಲು ಹತ್ತಿಳಿದೆವು. ನಲವತ್ತನಾಲ್ಕು ಮನೆಗಳಲ್ಲಿ ಮೂವತ್ತೇಳು ಸಿಕ್ಕವು, ಉಳಿದವರು ಆಗಲೇ ಬೀಗ ಹಾಕಿ ಹೋಗಿದ್ದರು. ‘ಕೆಲಸವೇನು’ ಎಂದು ಕೇಳುವುದನ್ನು ಬಿಟ್ಟು, ‘ಮರ್ಫಿ ಟೌನ್‌ನಲ್ಲಿದ್ದಾಗ ಬೆಳಗ್ಗೆ ಎದ್ದ ಮೇಲೆ ಏನೇನು ಮಾಡ್ತಿದ್ರಿ’ ಎಂದು ಕೇಳಿದೆವು. ಹಲಸೂರಿನ ಮಾರುಕಟ್ಟೆಗೆ ಹೂ ಕಟ್ಟಿಕೊಡುತ್ತಿದ್ದವರು, ಇಂದಿರಾನಗರದ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು, ಬಾಗಿಲಲ್ಲೇ ಇಡ್ಲಿ ಬೇಯಿಸಿ ಮಾರುತ್ತಿದ್ದವರು. ಮೂವತ್ತೊಂದು ಮನೆಯ ಹೆಂಗಸರು ದುಡಿಯುತ್ತಿದ್ದರು. ಈಗ ದುಡಿಯುತ್ತಿರುವುದು ಎಂಟು ಮನೆಯವರು. ಪ್ರತಿಯೊಂದು ಉತ್ತರದ ಕೆಳಗೂ ಸಹಿ ಅಥವಾ ಹೆಬ್ಬೆಟ್ಟಿದೆ. ಮೂಲ ಪ್ರತಿಗಳನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರವನ್ನು ಪತ್ರಿಕೆಗೂ ಕೊಟ್ಟು ತಮ್ಮನ್ನು ತೊಂದರೆಪಡಿಸುತ್ತಿರಲಿಲ್ಲ. ಹೋದ ವಾರ ಜೋಗುಪಾಳ್ಯದ ಹಿಂದಿನ ಇಪ್ಪತ್ತಾರು ಮನೆಗಳಿಗೆ ಜಾಗ ಖಾಲಿ ಮಾಡುವಂತೆ ನೋಟಿಸು ಬಂದಿದೆ. ಅದಕ್ಕೆ ಆಧಾರವೂ ಅದೇ ಪುಟ. ಸುದ್ದಿ ತಿಳಿದ ದಿನ ಗೋವಿಂದಮ್ಮ ಎರಡು ಬಸ್ಸು ಬದಲಿಸಿ ಬಂದು, ಪರಿಚಯವೇ ಇಲ್ಲದ ಆ ಮನೆಗಳ ಬಾಗಿಲು ಬಾಗಿಲಿಗೂ ಹೋದರು. ‘ಯಾರಾದ್ರೂ ಕಾಗ್ದ ಹಿಡ್ಕೊಂಡ್ ಬಂದ್ರೆ ನಾಚ್ಕೋಬೇಡಿ. ಮಾಡೋದೆಲ್ಲಾ ಹೇಳಿ. ಅವ್ರು ಬರ್ಕೊಳ್ಳೋವರ್ಗೂ ಬಿಡ್ಬೇಡಿ’ ಎಂದು ಹೇಳುತ್ತಿದ್ದುದನ್ನು ನಾನು ಜೊತೆಯಲ್ಲಿ ನಿಂತು ಕೇಳಿದೆ.

ನನ್ನ ಒತ್ತಾಯ ಇಷ್ಟು. ಆ ಪುಟ ತಪ್ಪೆಂದು ನೋಟಿಸಿನ ಗಡುವು ಮುಗಿಯುವ ಮೊದಲೇ ಸರ್ಕಾರಕ್ಕೆ ಲಿಖಿತವಾಗಿ ತಿಳಿಸಿ. ತಿದ್ದಿದ ವರದಿಯನ್ನು ಕನ್ನಡ, ತಮಿಳುಗಳಲ್ಲಿ ಆ ಕಟ್ಟಡಗಳ ಅಂಗಳದಲ್ಲಿ ಓದಿಸಿ. ಆಮೇಲೆ ತಾವೇ ಮೂರನೆಯ ಮಹಡಿಗೆ ಹತ್ತಿ ಹೋಗಿ, ಮನೆಗಳು ಹೋದದ್ದು ಅವರ ಮಾತಿನಿಂದಲ್ಲ ಎಂದು ಗೋವಿಂದಮ್ಮನವರಿಗೆ ಹೇಳಿ. ನಾನು ಎಷ್ಟೋ ಸಲ ಹೇಳಿ ನೋಡಿದೆ. ಅವರು ತಲೆಯಾಡಿಸುತ್ತಾರೆ, ನಂಬುವುದಿಲ್ಲ.

ಇಂತಿ,
ತಮ್ಮ ವರದಿಯ ಕೃತಜ್ಞತೆಗಳ ಪುಟದಲ್ಲಿ ಹದಿನೇಳನೆಯವಳಾಗಿ, ಅದೂ ತಪ್ಪು ಕಾಗುಣಿತದಲ್ಲಿ ಸ್ಥಾನ ಪಡೆದಿರುವ
ಹಂಸ
ಜೋಗುಪಾಳ್ಯ, ೨೦೦೫