ಪಕ್ಕದ ಕೋಣೆಯ ಫೈಲಿನಲ್ಲಿದ್ದ ಹಾಳೆ

ಪ್ರೋಕಾಪ್, ನೆಬ್ರಾಸ್ಕಾ
೧೨ ನವೆಂಬರ್ ೨೦೨೩, ಭಾನುವಾರ ಮಧ್ಯಾಹ್ನ

ಪ್ರೀತಿಯ ಜೋಲೀನ್,

ಬೆನ್ನು ಹೇಗಿದೆ? ಮೋಟೆಲ್ಲಿನ ಲಾಂಡ್ರಿಯಲ್ಲಿ ಒದ್ದೆ ಚಾದರಗಳನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿದೆ ಎಂದು ಅಪ್ಪನಿಗೆ ಬರೆದಿದ್ದೆಯಂತೆ. ಬಿಸಿನೀರಿನ ಚೀಲ ಇಟ್ಟುಕೊ, ಭಾರ ಎತ್ತುವಾಗ ಮೊಣಕಾಲು ಬಗ್ಗಿಸು ಎಂದೆಲ್ಲ ಬರೆಯಲು ಹೊರಟು ನನಗೇ ನಾಚಿಕೆಯಾಯಿತು. ಇದೆಲ್ಲ ನಿನಗೂ ಗೊತ್ತು, ನೀನೂ ನರ್ಸ್. ವಯೋಮಿಂಗ್‌ನಲ್ಲಿ ಈಗಾಗಲೇ ಹಿಮ ಬಿದ್ದಿರಬೇಕು. ಇಲ್ಲಿ ಇನ್ನೂ ಬರಿಯ ಗಾಳಿ, ಜೋಳ ಕೊಯ್ದ ಹೊಲಗಳ ದೂಳು. ನಿನ್ನ ವಿಳಾಸವನ್ನು ಅಪ್ಪನಿಂದ ಕೇಳಿ ಪಡೆದೆ. ಕೊಡಲು ಮನಸ್ಸಿರಲಿಲ್ಲ ಅವನಿಗೆ. "ಬರೆದು ಏನ್ ಮಾಡ್ತೀಯ, ಅವಳು ಓದ್ದೆ ಹರಿದು ಹಾಕ್ತಾಳೆ" ಎಂದ. ಹಾಗೆ ಮಾಡಿದರೂ ನಿನ್ನದು ತಪ್ಪಲ್ಲ. ಆದರೆ ಈ ಒಂದನ್ನು ಕೊನೆಯವರೆಗೆ ಓದು.

ಅಪ್ಪ ಗಟ್ಟಿಮುಟ್ಟಾಗಿದ್ದಾನೆ. ಈಗಲೂ ಧಾನ್ಯದ ಲಾರಿ ಓಡಿಸುತ್ತಾನೆ, ಈಗಲೂ ಬೆಳಗಿನ ಕಾಫಿಗೆ ಪೆಟ್ರೋಲ್ ಬಂಕಿನ ಮೂಲೆ ಮೇಜಿನಲ್ಲಿ ಕೂತು ಊರಿನವರನ್ನೆಲ್ಲ ಗೇಲಿ ಮಾಡುತ್ತಾನೆ. ಎರಡು ವರ್ಷದಿಂದ ಆ ಗೇಲಿಗೆ ಹೆಚ್ಚಾಗಿ ಸಿಕ್ಕವಳು ನಾನು. ಕೆಲಸ ಬಿಡದೆಯೇ, ಕಂಪ್ಯೂಟರಿನ ಮುಂದೆ ಕೂತೇ ಮುಗಿಸುವ ನರ್ಸಿಂಗ್ ಡಾಕ್ಟರೇಟಿಗೆ ಸೇರಿಕೊಂಡಿದ್ದೆ. ಅಪ್ಪ ಎಲ್ಲರೆದುರಿಗೆ, "ಏನಮ್ಮಾ, ಮುಗಿದ ಮೇಲೆ ನೀನು ನರ್ಸ್ ಡಾಕ್ಟರಾ, ಡಾಕ್ಟರ್ ನರ್ಸಾ? ಜ್ವರ ಬಂದ್ರೆ ಯಾವ ಬಾಗಿಲು ತಟ್ಬೇಕು ಹೇಳ್ಬಿಡು" ಎನ್ನುತ್ತಿದ್ದ. ಆದರೆ ಚರ್ಚಿನಲ್ಲಿ ಪಕ್ಕ ಕೂತವರಿಗೆಲ್ಲ ಅವನೇ ಹೇಳಿಕೊಂಡು ಬಂದಿದ್ದ, ಮಗಳು ಡಾಕ್ಟರಾಗುತ್ತಾಳೆ ಎಂದು.

ವಾರಕ್ಕೆ ಮೂರು ದಿನ ಹನ್ನೆರಡು ಗಂಟೆಯ ಪಾಳಿ, ಉಳಿದ ದಿನ ಓದು. ಭಾನುವಾರ ಸಂಜೆಯೊಳಗೆ ಆ ವಾರದ ಬರಹ ಕಳಿಸಬೇಕು. ಮನೆಯ ಇಂಟರ್ನೆಟ್ ಕೈಕೊಟ್ಟಾಗ ಲೈಬ್ರರಿಯ ಹೊರಗೆ ಕಾರು ನಿಲ್ಲಿಸಿ, ಸ್ಟೀರಿಂಗಿಗೆ ಲ್ಯಾಪ್‌ಟಾಪ್ ಆನಿಸಿಕೊಂಡು ಬರೆದಿದ್ದೇನೆ. ನನ್ನ ಮಾರ್ಗದರ್ಶಕಿ ಡಾಕ್ಟರ್ ಇಮೋಜೆನ್ ಪ್ರೈಸ್. ಅವರನ್ನು ನಾನು ಹೆಗಲಿನಿಂದ ಕೆಳಗೆ ನೋಡಿಯೇ ಇಲ್ಲ, ಪರದೆಯ ಮೇಲಿನ ಮುಖವಷ್ಟೇ. ಸಹಪಾಠಿಗಳು ಹದಿನಾಲ್ಕು ಮಂದಿ, ಹದಿನಾಲ್ಕು ಊರುಗಳಲ್ಲಿ. ಒಬ್ಬಳು ಕೈಯಲ್ಲಿ ಮಗು ಹಿಡಿದೇ ಪಾಠ ಕೇಳುತ್ತಿದ್ದಳು, ಇನ್ನೊಬ್ಬಳು ಪಾಳಿ ಮುಗಿಸಿ ಬಂದವಳು ಪಾಠದ ನಡುವೆಯೇ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದಳು. ನಾವ್ಯಾರೂ ಅವಳನ್ನು ಎಬ್ಬಿಸುತ್ತಿರಲಿಲ್ಲ. ಇದು ಮುಗಿದರೆ ನಮ್ಮ ಆಸ್ಪತ್ರೆಯ ನರ್ಸಿಂಗ್ ಮುಖ್ಯಸ್ಥೆಯ ಹುದ್ದೆ ನನಗೇ ಎಂದು ಗ್ಲೆನ್ ಟ್ಯಾಗರ್ಟ್ ಮಾತು ಕೊಟ್ಟಿದ್ದ. ಗ್ಲೆನ್ ನೀನು ಹೋದ ಮೇಲೆ ಬಂದ ಆಡಳಿತಾಧಿಕಾರಿ. ಒಳ್ಳೆಯವನೇ, ಗಲಾಟೆ ಎಂದರೆ ಮಾತ್ರ ಹೆದರುತ್ತಾನೆ.

ಈ ಓದಿನ ಕೊನೆಯಲ್ಲಿ, ಕೆಲಸ ಮಾಡುವ ಜಾಗದಲ್ಲಿಯೇ ಒಂದು ತೊಂದರೆಯನ್ನು ಹುಡುಕಿ, ಅದನ್ನು ಸರಿಪಡಿಸಿ ತೋರಿಸಬೇಕು. ನಾನು ಆರಿಸಿಕೊಂಡದ್ದು ರಕ್ತಕ್ಕೆ ಏರುವ ಸೋಂಕು. ಅದರ ಗುರುತು ಕಂಡ ಗಳಿಗೆಯಿಂದ ಚಿಕಿತ್ಸೆ ಶುರುವಾಗುವವರೆಗೆ ನಮ್ಮಂಥ ಹದಿನೆಂಟು ಹಾಸಿಗೆಯ ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಹೋಗುತ್ತದೆ, ಎಲ್ಲಿ ಹೋಗುತ್ತದೆ ಎಂದು ಲೆಕ್ಕ ಹಾಕುವುದು. ನಾನು ಸೂಚಿಸಿದ ಮಾರ್ಪಾಡು ಸರಳ: ಉಸಿರು ಜೋರಾಗಿ, ಬಿ.ಪಿ. ಇಳಿದು, ರೋಗಿಯ ಮಾತು ತಡವರಿಸಿದರೆ ನರ್ಸ್ ತಾನೇ ಡಾಕ್ಟರಿಗೆ ಫೋನ್ ಮಾಡಬಹುದು, ದೊಡ್ಡಾಸ್ಪತ್ರೆಗೆ ಸಾಗಿಸುವ ಹೆಲಿಕಾಪ್ಟರ್ ಕರೆಸಬಹುದು, ಪಾಳಿಯ ಮುಖ್ಯ ನರ್ಸ್ ಹೂಂ ಎನ್ನಲಿ ಎಂದು ಕಾಯಬೇಕಾಗಿಲ್ಲ. ಇದನ್ನು ಯಾಕೆ ಆರಿಸಿಕೊಂಡೆ ಎಂದು ಪ್ರೈಸ್ ಕೇಳಿದಾಗ, "ನಮ್ಮೂರಲ್ಲಿ ಇದರಿಂದ ಒಬ್ರು ಹೋದ್ರು" ಎಂದಷ್ಟೇ ಹೇಳಿದೆ. ನಿನ್ನ ಹೆಸರು ಎತ್ತಲಿಲ್ಲ.

ಇದಕ್ಕೆ ಐದು ವರ್ಷದ ಹಳೆಯ ಫೈಲುಗಳನ್ನು ಓದಬೇಕಿತ್ತು. ಅನುಮತಿ ಪಡೆದು, ಹೆಸರು ತೆಗೆದು ಸಂಖ್ಯೆ ಹಾಕಿ, ಸೆಪ್ಟೆಂಬರಿನಿಂದ ಒಂದೊಂದಾಗಿ ನೋಡುತ್ತ ಬಂದೆ. ಎಮಿಲ್ ಹ್ರುಸ್ಕಾ ಅವರ ಫೈಲು ಬರುತ್ತದೆಂದು ಗೊತ್ತಿತ್ತು. ಬಂತು. ನಮ್ಮಿಬ್ಬರನ್ನೂ ಶಾಲೆಗೆ ಬಸ್ಸಿನಲ್ಲಿ ಕರೆದೊಯ್ದ ಮನುಷ್ಯನನ್ನು ಒಂದು ಸಂಖ್ಯೆಯಾಗಿ ಬರೆದುಕೊಂಡೆ. ಅದರಲ್ಲಿ ಹೊಸದೇನೂ ಇರಲಿಲ್ಲ. ಮೇ ತಿಂಗಳು, ಮೂತ್ರದ ಸೋಂಕು, ಮಧ್ಯಾಹ್ನ ಒಂದರಿಂದ ಮೂರರವರೆಗೆ ಒಂದು ಅಕ್ಷರವೂ ಇಲ್ಲ, ಐದೂವರೆಗೆ ಹೆಲಿಕಾಪ್ಟರಿಗೆ ಕರೆ, ಅದು ಇಳಿಯುವ ಮೊದಲೇ ಸಾವು. ಆ ಎರಡು ಗಂಟೆಯ ಖಾಲಿ ಜಾಗವೇ ನಿನ್ನ ಕುತ್ತಿಗೆಗೆ ಬಿದ್ದದ್ದು. ಕಂಪ್ಯೂಟರ್ ಕೆಟ್ಟಿತ್ತು, ಕಾಗದದ ಮೇಲೆ ಬರೆದೆ, ಮಾರ್ಸೆಲ್ಲಾಗೆ ಹೇಳಿದೆ ಎಂದು ನೀನು ಎಲ್ಲರ ಮುಂದೆ ಅತ್ತು ಹೇಳಿದೆ, ಅಂದಿನ ಪಾಳಿಯ ಮುಖ್ಯ ನರ್ಸ್ ನಾನೇ ತಾನೆ. ಆ ಕಾಗದ ಯಾರಿಗೂ ಸಿಗಲಿಲ್ಲ.

ಅಕ್ಟೋಬರ್ ಮೂರನೇ ವಾರ, ಊಟದ ಕೋಣೆಯಲ್ಲಿ ಕೂತು ಅದೇ ದಿನ ಪಕ್ಕದ ಕೋಣೆಯಲ್ಲಿದ್ದ ಒಬ್ಬ ಅಜ್ಜಿಯ ಫೈಲು ತೆರೆದಿದ್ದೆ. ಸ್ಕ್ಯಾನ್ ಮಾಡಿದ ಕಾಗದಗಳ ನಡುವೆ ಒಂದು ಹಾಳೆ ಆಕೆಯದಲ್ಲ. ಮೇಲೆ ಎಮಿಲ್ ಅವರ ಹುಟ್ಟಿದ ತಾರೀಖು. ಕೆಳಗೆ ನಿನ್ನ ಬರಹ, ಏಳರ ಅಂಕಿಗೆ ನಡುವೆ ಗೆರೆ ಎಳೆಯುವ ನಿನ್ನ ರೂಢಿ. ಎರಡು ಹತ್ತು: ಬಿ.ಪಿ. ೮೪/೪೭, ಉಸಿರು ಇಪ್ಪತ್ತೇಳು, ನನ್ನನ್ನು ಹೆಂಡತಿ ಎಂದುಕೊಂಡಿದ್ದಾರೆ, ಮಾರ್ಸೆಲ್ಲಾಗೆ ಹೇಳಿದೆ, ಮೂರಕ್ಕೆ ಮತ್ತೆ ನೋಡು ಅಂದಳು. ಎರಡು ನಲವತ್ತು: ಬಿ.ಪಿ. ೭೮, ಮತ್ತೆ ಹೇಳಿದೆ. ಯಾರೋ ಸ್ಕ್ಯಾನ್ ಮಾಡುವಾಗ ಎರಡು ಕೋಣೆಯ ಕಾಗದ ಬೆರೆಸಿಬಿಟ್ಟಿದ್ದರು, ಅಷ್ಟೇ. ಐದು ವರ್ಷ ಆ ಹಾಳೆ ನನ್ನ ಕುರ್ಚಿಯಿಂದ ಹತ್ತು ಅಡಿ ದೂರದ ಕಂಪ್ಯೂಟರಿನಲ್ಲಿಯೇ ಇತ್ತು. ಸೂಪಿನ ಬಟ್ಟಲು ಹಾಗೇ ಬಿಟ್ಟು ಎದ್ದು, ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ದಿನ ಸರ್ಕಾರದ ತಪಾಸಣೆಯವರು ಮೂವರು ಬಂದಿದ್ದರು, ಅವರ ಹಿಂದೆಯೇ ನಾನು ಓಡಾಡುತ್ತಿದ್ದೆ. ನೀನು ಬಂದು ಹೇಳಿದ್ದು ನನ್ನ ತಲೆಯಲ್ಲಿ ನಿಲ್ಲಲೇ ಇಲ್ಲ. ವಿಚಾರಣೆಯಲ್ಲಿ "ಆಕೆ ನಿಮಗೆ ತಿಳಿಸಿದ್ಲಾ?" ಎಂದು ಕೇಳಿದಾಗ ಮರೆತೇ ಹೋಗಿತ್ತು, ಇಲ್ಲ ಎಂದೆ. ನೀನು ನರ್ಸ್ ಲೈಸೆನ್ಸ್ ವಾಪಸ್ ಕೊಟ್ಟು ಊರು ಬಿಟ್ಟೆ. ಅಪ್ಪ ಅಡುಗೆಮನೆಯಲ್ಲಿ ನಿನಗೆ, "ತಪ್ಪು ಮಾಡಿದ್ರೆ ಒಪ್ಕೊ, ಅಕ್ಕನ ಹೆಸರು ಎಳೀಬೇಡ" ಎಂದಾಗ ನಾನು ಅಲ್ಲಿಯೇ ತಟ್ಟೆ ಒರೆಸುತ್ತ ನಿಂತಿದ್ದೆ.

ಹಾಳೆ ಸಿಕ್ಕಿದ ಮರುದಿನ ಗ್ಲೆನ್‌ಗೆ ತೋರಿಸಿದೆ. ಎರಡು ಸಲ ಓದಿದ. ಎದ್ದು ಬಾಗಿಲು ಮುಚ್ಚಿ ಬಂದ. "ಇದನ್ನ ಸರಿಯಾದ ಫೈಲಿಗೆ ಹಾಕೋಣ. ಅಲ್ಲಿಗೆ ಮುಗೀತು. ನಿನಗೆ ಇನ್ನು ಏಳು ವಾರ ಇದೆ ಮಾರ್ಸೆಲ್ಲಾ, ಏಳೇ ವಾರ. ಸತ್ತವರು ಎದ್ದು ಬರ್ತಾರಾ?" ಎಂದ. "ಎಮಿಲ್ ಎದ್ದು ಬರೋದಿಲ್ಲ, ಜೋಲೀನ್ ಬದುಕಿದಾಳೆ" ಎಂದೆ.

ಡಾಕ್ಟರ್ ಪ್ರೈಸ್‌ಗೆ ವಿಡಿಯೋ ಕರೆಯಲ್ಲಿ ಹೇಳಿದೆ. ಅರ್ಧಕ್ಕೇ ತಡೆದು, "ತಾಳು, ರೆಕಾರ್ಡಿಂಗ್ ನಿಲ್ಲಿಸ್ತೀನಿ" ಎಂದರು. "ಇನ್ನು ಇದು ನಿನ್ನ ಪ್ರಾಜೆಕ್ಟ್ ಅಲ್ಲ. ನಿನ್ನದೇ ಕೇಸು ಇದರೊಳಗಿದೆ, ಕಾಲೇಜಿನ ಸಮಿತಿಗೆ ತಿಳಿಸಲೇಬೇಕು, ಅವರು ನಿಲ್ಲಿಸ್ತಾರೆ. ಅದು ನಿಂಗೆ ಗೊತ್ತಿದ್ದೇ ನನ್ಹತ್ರ ಬಂದಿದೀಯ, ಅಲ್ವಾ?" ಎಂದರು. ಹೌದು ಎಂದೆ. ಹತ್ತು ದಿನದಲ್ಲಿ ಪ್ರಾಜೆಕ್ಟ್ ನಿಂತಿತು. ಲೈಸೆನ್ಸ್ ಮಂಡಳಿಗೆ ಹಾಳೆಯ ಪ್ರತಿಯೊಂದಿಗೆ ಪತ್ರ ಬರೆದೆ, ನಿನ್ನ ಹೇಳಿಕೆ ನಿಜವಾಗಿತ್ತು ಎಂದು. ಕಳೆದ ಸೋಮವಾರದಿಂದ ಆಸ್ಪತ್ರೆಯವರು ನನ್ನನ್ನು ರಜೆಯ ಮೇಲೆ ಕಳಿಸಿದ್ದಾರೆ. ಬೀಗದ ಕೈ, ಗುರುತಿನ ಚೀಟಿ ಗ್ಲೆನ್ ಕೈಗೆ ಕೊಟ್ಟೆ. ನಾನು ಅಂಟಿಸಿದ್ದ ಆ ಹೊಸ ಪದ್ಧತಿಯ ಪಟ್ಟಿ ಮಾತ್ರ ವಾರ್ಡಿನ ಗೋಡೆಯ ಮೇಲೆ ಹಾಗೇ ಇದೆಯಂತೆ, ಕೆಳಗಿದ್ದ ನನ್ನ ಹೆಸರನ್ನು ಕತ್ತರಿಸಿ ತೆಗೆದಿದ್ದಾರೆ. ನರ್ಸ್ ಹುಡುಗಿಯರು ಅದನ್ನು ಬಳಸುತ್ತಿದ್ದಾರೆ, ಅಷ್ಟು ಸಾಕು.

ಬುಧವಾರ ಲಿಡಿಯಾ ಹ್ರುಸ್ಕಾ ಅವರ ಮನೆಗೆ ಹೋದೆ. ಎಮಿಲ್ ಹೆಂಡತಿ ಈಗ ತುಂಬ ಸಣ್ಣಗಾಗಿದ್ದಾರೆ. ಗಸಗಸೆ ತುಂಬಿದ ಕೊಲಾಚೆ ಬನ್ನುಗಳನ್ನು ಒಲೆಯಿಂದ ಆಗಷ್ಟೇ ತೆಗೆದಿದ್ದರು, ಕೂರು ಎಂದು ಒಂದು ತಟ್ಟೆಯಲ್ಲಿಟ್ಟು ಮುಂದೆ ತಳ್ಳಿದರು. "ಡಾಕ್ಟರಾಗ್ತಿದೀಯಂತೆ, ಚರ್ಚಲ್ಲಿ ಎಲ್ರೂ ಹೇಳ್ತಾರೆ" ಎಂದರು. ಇಲ್ಲ ಎಂದು ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವರ ಕೈ ಮೇಜಿನ ಬಟ್ಟೆಯನ್ನು ನೇವರಿಸುವುದು ನಿಂತಿತು. "ಐದು ವರ್ಷ ಆ ಹುಡುಗೀನ ಬೈಕೊಂಡು ಬಂದಿದೀನಿ. ಪ್ರಾರ್ಥನೆಗೆ ಕೂತಾಗ್ಲೂ ಬೈದಿದೀನಿ. ಅಂಗಡೀಲಿ ನಿಮ್ಮಪ್ಪ ಕಂಡ್ರೆ ಸಾಮಾನಿನ ಗಾಡಿ ತಿರುಗಿಸ್ಕೊಂಡು ಬೇರೆ ಸಾಲಿಗೆ ಹೋಗ್ತಿದ್ದೆ. ಈಗ ನಿನ್ನ ಬೈಯೋಕೆ ಮತ್ತೆ ಮೊದಲಿಂದ ಶುರು ಮಾಡ್ಲಾ? ನಂಗೆ ಎಪ್ಪತ್ತೆಂಟು, ಮಾರ್ಸೆಲ್ಲಾ. ಅಷ್ಟು ಶಕ್ತಿ ಎಲ್ಲಿಂದ ತರ್ಲಿ?" ಎಂದರು. ಆಮೇಲೆ ಕೇಳಿದರು: "ಅವಳನ್ನ ನಾನು ಅಂದ್ಕೊಂಡಿದ್ರಾ ಎಮಿಲ್?" ಹೌದು, ಹಾಗೆಂದು ಹಾಳೆಯಲ್ಲಿದೆ ಎಂದೆ. "ಹಾಗಾದ್ರೆ ಕೊನೇಲಿ ಅವಳು ಜೊತೆಗಿದ್ಲು." ಅಷ್ಟು ಹೇಳಿ ಎದ್ದು ಬಾಗಿಲು ತೆರೆದರು. ನಾನು ಕೊಲಾಚೆ ಮುಟ್ಟಿರಲಿಲ್ಲ.

ಅಪ್ಪನಿಗೆ ಲಾರಿಯಲ್ಲಿ ಕೂತೇ ಹೇಳಿದೆ. ಎಂಜಿನ್ ಆರಿಸಿದ. "ಅವಳು ಹೋಗೋವಾಗ ನಾನು ಸೂಟ್‌ಕೇಸೂ ಎತ್ತಿ ಕೊಡ್ಲಿಲ್ಲ" ಎಂದ. ಅಂದಿನಿಂದ ಬಂಕಿನ ಕಾಫಿಗೆ ಹೋಗಿಲ್ಲ. ನಿನಗೆ ಫೋನ್ ಮಾಡು ಎಂದರೆ, ಏನಂತ ಮಾಡಲಿ ಎನ್ನುತ್ತಾನೆ. ಒಂದು ದಿನ ಅವನು ಮಾಡಿದರೆ, ನನ್ನ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಬೇಡ. ಅವನು ನಂಬಿದ್ದು ನನ್ನ ಮಾತನ್ನು.

ಕ್ಷಮಿಸು ಎಂದು ಬರೆಯಲು ನಾಲ್ಕು ಸಲ ಪೆನ್ನು ಎತ್ತಿದೆ. ಆ ಮಾತನ್ನು ನಿನ್ನ ಮುಂದೆ ಇಟ್ಟು, ಅದಕ್ಕೆ ಏನು ಮಾಡಬೇಕೆಂಬ ಹೊರೆಯನ್ನೂ ನಿನಗೇ ಹೊರಿಸುವುದು ಬೇಡವೆನಿಸಿತು. ಮೈ ಬೆಚ್ಚಗಿಟ್ಟುಕೊ. ಬೆನ್ನಿಗೆ ಯಾರಿಗಾದರೂ ತೋರಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಮಾರ್ಸೆಲ್ಲಾ

ಸೋಮವಾರ ಬೆಳಗ್ಗೆ. ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದು ಬರೆಯುತ್ತಿದ್ದೇನೆ, ಅಂಚೆಯವಳ ಗಾಡಿ ಬೀದಿಯ ತುದಿಗೆ ಬಂದಾಗಿದೆ, ಅಕ್ಷರ ಹೇಗಿದ್ದರೂ ಓದಿಕೊ. ಮರೆತೇ ಹೋಗಿತ್ತು ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಗ್ಲೆನ್‌ಗೂ ಪ್ರೈಸ್‌ಗೂ ಲಿಡಿಯಾಗೂ ಅಪ್ಪನಿಗೂ ಅದನ್ನೇ ಹೇಳಿದೆ. ಮಂಡಳಿಗೂ ಅದನ್ನೇ ಬರೆದೆ. ವಿಚಾರಣೆಯ ಕೋಣೆಯಲ್ಲಿ ಅವರು ಕೇಳಿದಾಗ ನನಗೆ ಎಲ್ಲವೂ ನೆನಪಿತ್ತು. ಎರಡನೇ ಸಲ ನೀನು ತಪಾಸಣೆಯವರ ಎದುರಿಗೇ ನನ್ನ ತೋಳು ಹಿಡಿದು "ಅಕ್ಕಾ, ಬಾ" ಎಂದೆ. ವಾರ್ಡಿನಲ್ಲಿ ನೀನು ನನ್ನನ್ನು ಹಾಗೆ ಕರೆದದ್ದು ಅದೊಂದೇ ಸಲ. ಅವರ ಮುಂದೆ ನನಗೆ ಮುಜುಗರವಾಗಿ ಕೈ ಬಿಡಿಸಿಕೊಂಡೆ. ಆ ಕಾಗದ ಸಿಗಲಿಲ್ಲ ಎಂದು ಕೇಳಿದ ಮೇಲೆಯೇ ಇಲ್ಲ ಎಂದು ಹೇಳುವ ಧೈರ್ಯ ಬಂದದ್ದು. ಇದಿಷ್ಟನ್ನೂ ಬರೆದು ಮಂಡಳಿಗೆ ಎರಡನೆಯ ಪತ್ರ ಇದರ ಜೊತೆಗೇ ಹಾಕುತ್ತಿದ್ದೇನೆ. ನನ್ನ ಲೈಸೆನ್ಸ್ ಹೋಗುತ್ತದೆ, ಹೋಗಲಿ. ನಿನ್ನದನ್ನು ಹಿಂದಿರುಗಿಸಲು ಅವರಿಗೆ ನಿನ್ನ ಬಾಯಿಂದ ಒಂದು ಮಾತು ಬೇಕಂತೆ, ಫೋನ್ ಮಾಡುತ್ತಾರೆ. ನೆಬ್ರಾಸ್ಕಾದ ನಂಬರು ಎಂದು ಕಟ್ ಮಾಡಬೇಡ, ಜೋಲೀನ್. ಎತ್ತು. ಅದು ನಾನಾಗಿರುವುದಿಲ್ಲ.