ಅಪ್ಪನ ಜಮಖಾನದಡಿಯ ಕಳೆ

ಮಾರ್ಚ್ 9, ಭಾನುವಾರ.

ಕೈ ಎಷ್ಟು ತೊಳೆದರೂ ಹುಲ್ಲಿನ ವಾಸನೆ ಹೋಗುತ್ತಿಲ್ಲ. ಅಗೆಯದೆ, ಔಷಧಿ ಹೊಡೆಯದೆ ಕಳೆ ಸಾಯಲಿ ಎಂದು ತರಕಾರಿ ಮಡಿಗೆ ತೀರಿಹೋದ ಅಪ್ಪನ ಜಮಖಾನ ಹೊದಿಸಿ ಮೂರು ತಿಂಗಳಾಗಿತ್ತು. ರಟ್ಟು ಹಾಸು ಎಂದು ಅಕ್ಕ ಹೇಳಿದ್ದಳು, ನಾನು ಕೇಳಲಿಲ್ಲ. ಆರು ವರ್ಷ ಅಪ್ಪ ಅದರ ಮೇಲೆ ಒಂದೇ ಮಗ್ಗುಲಲ್ಲಿ ಮಲಗಿ, ಮೈ ತಾಗಿದಷ್ಟು ಜಾಗ ಸವೆದು ಜಾಳಾಗಿತ್ತು.

ಬೆಳಿಗ್ಗೆ ಇಬ್ಬರೂ ಸೇರಿ ಎತ್ತಿದೆವು. ಸುತ್ತಲಿನ ಕಳೆಯೆಲ್ಲ ಸತ್ತಿತ್ತು. ಬೆಳಕು ತೂರಿದ ಕಡೆ ಮಾತ್ರ ಹಸಿರು: ಮಡಚಿದ ಮೊಣಕಾಲು, ಸೊಂಟ, ಭುಜ, ತಲೆ.

"ನೋಡ್ತಾ ನಿಂತ್ರೆ ಆಯ್ತಾ? ಕಿತ್ತು ಹಾಕೋ," ಎಂದು ಅಕ್ಕ ಗದರಿದಳು.

ಕಾಲಿನಿಂದ ಶುರುಮಾಡಿ ಭುಜದವರೆಗೆ ಕಿತ್ತೆ. ಮುಂದಕ್ಕೆ ಕೈ ಏಳಲಿಲ್ಲ.

ಹೊರಡುವ ಮುನ್ನ ಅಕ್ಕ ತಲೆಯಿದ್ದ ಜಾಗಕ್ಕೆ ಒಂದು ಚೊಂಬು ನೀರು ಹಾಕಿದಳು. ನಾನು ನೋಡಲಿಲ್ಲ ಅಂದುಕೊಂಡಿದ್ದಾಳೆ.