ಸೌಟು ಹಿಡಿದು ನಿಂತವಳು

ಬುಧವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ಗುಬ್ಬಿ,

ಹಾಗೆ ಕರೆಯುವ ಹಕ್ಕು ಈಗ ನನಗಿದೆಯೋ ಇಲ್ಲವೋ, ಕೈಗೆ ಬಂದದ್ದು ಅದೇ. ನೀನು ನಿನ್ನ ತಂಗಿಯ ಮನೆ ಸೇರಿ ಹತ್ತು ತಿಂಗಳಾಯಿತು. ಕುಶಲ ಕೇಳಲು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ, ಇದು ಕೆಲಸದ ವಿಷಯ. ಸೋಮವಾರದೊಳಗೆ ಉತ್ತರ ಬೇಕು.

ನಮ್ಮ ಬೀದಿಯ ಆಸ್ಪತ್ರೆಯ ಡಾಕ್ಟರಮ್ಮ ಸಕ್ಕರೆ ಕಾಯಿಲೆಯವರಿಗೆ ಊಟದ ಪಾಠ ಮಾಡಲು ನನ್ನ ಕೈಲಿ ನಾಲ್ಕು ಚಿತ್ರದ ಚಾರ್ಟು ಬರೆಸುತ್ತಿದ್ದಾರೆ. ಓದು ಬಾರದವರಿಗೂ ತಿಳಿಯಬೇಕಂತೆ. ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಬೇಳೆ ಕಾಳು, ಉಳಿದ ಕಾಲಿಗೆ ಅನ್ನ. ನಾನು ಬರೆದ ಹುರುಳಿಕಾಯಿಯನ್ನು ಒಬ್ಬ ಅಜ್ಜ ನಿಜವೇನೋ ಅಂತ ಉಗುರಲ್ಲಿ ಕೆರೆದು ನೋಡಿದರು. ಜಂಬ ಅಂತೀಯ, ಅನ್ನು. ಇಷ್ಟೆಲ್ಲ ಬರೆದು ಮನೆಗೆ ಬಂದು ನಾನು ತಿನ್ನುವುದು ಬನ್ನು, ಟೀ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರೆ; ನನಗೆ ಬದನೆಕಾಯಿಗೂ ಗತಿಯಿಲ್ಲ.

ನಾಲ್ಕನೆಯದರಲ್ಲಿ ಎಡವಟ್ಟಾಯಿತು. ಮನೆಮಂದಿ ಒಟ್ಟಿಗೆ ಕೂತು ಉಣ್ಣುವ ಚಿತ್ರ ಅದು. ಗಂಡ, ಮಗಳು, ಅಜ್ಜಿ, ಎಲ್ಲರನ್ನೂ ಕೂರಿಸಿದೆ. ಹೆಂಡತಿಯ ಕೈಗೆ ಸೌಟು ಕೊಟ್ಟು ನಿಲ್ಲಿಸಿದೆ. ಪಾಠದ ದಿನ ಇಸ್ತ್ರಿ ಅಂಗಡಿಯ ಹೆಂಗಸು, ಈ ಅಮ್ಮ ಯಾವಾಗ ಉಣ್ಣೋದು, ಇವ್ರ ತಟ್ಟೆ ಎಲ್ಲಿ ಅಂತ ಕೇಳಿಬಿಟ್ಟಳು. ಗಂಡಸರು ನಕ್ಕರು. ಹೆಂಗಸರು ಯಾರೂ ನಗಲಿಲ್ಲ. ಇವರನ್ನೂ ಕೂರಿಸಿ ಕೊಡಿ ಅಂತ ಡಾಕ್ಟರಮ್ಮ ಚಾರ್ಟು ವಾಪಸು ಕಳಿಸಿದರು.

ಮೂರು ದಿನದಿಂದ ಕೂರಿಸುತ್ತಲೇ ಇದ್ದೇನೆ. ಮುಖ ನಿನ್ನದೇ ಬಂತು, ಅದಕ್ಕೆ ನಾನೇನು ಮಾಡಲಿ. ಕೈ ಮಾತ್ರ ಬರುತ್ತಿಲ್ಲ. ತುತ್ತು ದೊಡ್ಡದು ಮಾಡುತ್ತೀಯೋ ಚಿಕ್ಕದೋ? ಪಲ್ಯ ಮೊದಲೇ ಮುಗಿಸುತ್ತೀಯೋ, ಕೊನೆಗೆ ಉಳಿಸಿಕೊಳ್ಳುತ್ತೀಯೋ? ಇಪ್ಪತ್ತೆರಡು ವರ್ಷ ನೀನು ನನ್ನ ತಟ್ಟೆಯನ್ನು ನಾನು ಚಿತ್ರ ಬರೆಯುವ ಮೇಜಿಗೇ ತಂದುಕೊಟ್ಟೆ. ನೀನು ಉಣ್ಣುವುದನ್ನು ನಾನು ಒಂದು ಸಲವೂ ಕೂತು ನೋಡಿಲ್ಲ. ಈ ಮನೇಲಿ ನಾನಿರೋದು ನಿಮ್ಮ ಕಣ್ಣಿಗೇ ಬೀಳಲ್ಲ ಅಂತ ಹೊರಟ ದಿನ ನೀನಂದಾಗ, ಕಣ್ಣೇ ನನ್ನ ಕಸುಬು ಕಣೇ ಅಂತ ನಕ್ಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮನೆ ಬಿಕೋ ಅನ್ನುತ್ತದೆ. ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದು ಲೋಟ ತೊಳೆದಿಡುತ್ತೇನೆ. ನೀನೂ ಇಷ್ಟು ವರ್ಷ ಹೀಗೇ ತಿಂದೆಯೇನೋ. ನಾಲ್ಕು ಸಾಲು ಬರೆದು ತಿಳಿಸು. ಬರೆಯಲು ಬೇಜಾರಾದರೆ ಬಂದು ಒಂದು ಹೊತ್ತು ನನ್ನೆದುರು ಕೂತು ಉಂಡು ಹೋಗು. ಅಡುಗೆ ನಾನೇ ಮಾಡುತ್ತೇನೆ, ಉಪ್ಪು ಹೆಚ್ಚಾದರೆ ಬೈಯಿ.

ನೀನೇ ಹೆಸರಿಟ್ಟ,
ಬಣ್ಣದ ಡಬ್ಬಿ

ತಾ.ಕ.: ಸುಳ್ಳು ಯಾಕೆ ಹೇಳಲಿ, ಆ ಚಾರ್ಟು ಹೋದ ವಾರವೇ ಕೊಟ್ಟಾಯಿತು. ಆಸ್ಪತ್ರೆಯ ನರ್ಸಮ್ಮ ತಮ್ಮ ಬುತ್ತಿ ಬಿಚ್ಚಿ ಎದುರು ಕೂತು ಉಂಡು ತೋರಿಸಿದರು, ಅವರ ಕೈ ನೋಡಿ ಬರೆದೆ. ಮುಖ ನಿನ್ನದು, ಕೈ ಅವರದು. ಹೊಂದಿಲ್ಲ ಅಂತ ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ, ಗುಬ್ಬಿ. ಅದಕ್ಕೇ ಬಾ ಅಂದಿದ್ದು.